ಹವಳದ ಟ್ಯಾಂಕಿಗೆ ಯಾವ ದೀಪ ಸರಿ? ಅನುಭವ ಇರುವವರು ತಿಳಿಸಿ

ಬನಶಂಕರಿಯಿಂದ ಪ್ರಶ್ನೆ:
ಎಂಟು ವರ್ಷ ಸಿಹಿನೀರಿನ ಮೀನು ಸಾಕಿದ ಮೇಲೆ ಕಳೆದ ದೀಪಾವಳಿಗೆ ಮೂರಡಿ ಉದ್ದ, ಒಂದೂವರೆ ಅಡಿ ಎತ್ತರದ ಉಪ್ಪುನೀರಿನ ಟ್ಯಾಂಕ್ ಆರಂಭಿಸಿದ್ದೇನೆ. ಜೋವಾಂಥಿಡ್, ಮಶ್ರೂಮ್ ಮತ್ತು ಒಂದು ಲೆದರ್ ಕೋರಲ್ ಇವೆ, ಎಲ್ಲವೂ ಮೃದು ಹವಳದ ಬಗೆಗಳು. ಟ್ಯಾಂಕಿನ ಜೊತೆ ಬಂದ ದೀಪದ ಕೆಳಗೆ ಜೋವಾಗಳು ಬೆಳಕು ಸಾಲದೆ ಕತ್ತು ಚಾಚಿದಂತೆ ಉದ್ದವಾಗುತ್ತಿವೆ. 25,000 ರೂಪಾಯಿಯೊಳಗೆ ಎಲ್‌ಇಡಿ ಕೊಳ್ಳಬೇಕೇ, ಟಿ5 ಎಂಬ ತೆಳು ಟ್ಯೂಬುಗಳ ದೀಪ ಕೊಳ್ಳಬೇಕೇ, ಇಲ್ಲವೇ ಪರಿಚಿತರೊಬ್ಬರು ಸುಮ್ಮನೆ ಕೊಡುತ್ತೇನೆಂದಿರುವ ಹಳೆಯ ಮೆಟಲ್ ಹಾಲೈಡ್ (ತುಂಬ ಕಾಯುವ ಪ್ರಖರ ಬಲ್ಬು) ತಂದುಕೊಳ್ಳಬೇಕೇ? ನಮ್ಮದು ಕೊನೆಯ ಮಹಡಿ. ಬೇಸಿಗೆಯಲ್ಲಿ ತಾರಸಿ ಕಾಯುತ್ತದೆ.

ಮಲ್ಲೇಶ್ವರದಿಂದ:
ಹಾಲೈಡ್ ಬೇಡ ಎಂದು ಈಗ ಎಲ್ಲರೂ ಹೇಳುತ್ತಾರೆ, ಆದರೆ ಅದನ್ನು ಹೊತ್ತಿಸಿ ನೋಡಿದವರು ಕಡಿಮೆ. 2012ರಲ್ಲಿ ನಾನು ನಾಲ್ಕಡಿ ಟ್ಯಾಂಕಿನ ಮೇಲೆ 250 ವಾಟ್‌ನ ಎರಡು ಹಾಲೈಡ್ ತೂಗುಹಾಕಿದ್ದೆ. ನೀರಿನ ಅಲುಗಾಟ ಮರಳಿನ ಮೇಲೆ ಬೆಳಕಾಗಿ ಹರಿದಾಡುವುದನ್ನು ನೋಡಲೆಂದೇ ನೆರೆಹೊರೆಯವರು ಬರುತ್ತಿದ್ದರು. ದಿನಕ್ಕೆ ಎಂಟು ಗಂಟೆಯಂತೆ ದೀಪಕ್ಕೇ ತಿಂಗಳಿಗೆ 120 ಯೂನಿಟ್ ಆಗುತ್ತಿತ್ತು, ಅದು ಕಾಸಿದ ನೀರನ್ನು ತಣಿಸಲು ಚಿಲ್ಲರ್ ಹೆಚ್ಚುಕಡಿಮೆ ಅಷ್ಟನ್ನೇ ತಿನ್ನುತ್ತಿತ್ತು. ವರ್ಷಕ್ಕೊಮ್ಮೆ ಎರಡು ಬಲ್ಬಿಗೆ 9,000, ಸುಟ್ಟುಹೋದ ಬ್ಯಾಲಾಸ್ಟಿಗೆ (ಬಲ್ಬಿಗೆ ಕರೆಂಟು ಹದಗೊಳಿಸುವ ಪೆಟ್ಟಿಗೆ) 6,500, ಸೆಕೆಂಡ್ ಹ್ಯಾಂಡ್ ಚಿಲ್ಲರಿಗೆ 31,000, ಅದಕ್ಕೆ ಗ್ಯಾಸ್ ತುಂಬಿಸಿದ್ದಕ್ಕೆ 2,800. ರಸೀದಿಗಳು ಇನ್ನೂ ಇವೆ. 2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾಯಿತಲ್ಲ, ಆ ಭಾನುವಾರ ನಾವು ತುಮಕೂರಿಗೆ ಮದುವೆಗೆ ಹೋಗಿದ್ದೆವು. ಚಿಲ್ಲರ್ ಟ್ರಿಪ್ ಆಗಿತ್ತು. ದೀಪದ ಟೈಮರ್ ಮಾತ್ರ ತನ್ನ ಕೆಲಸ ತಪ್ಪಿಸಲಿಲ್ಲ. ರಾತ್ರಿ ಬಂದು ನೋಡಿದಾಗ ನೀರು 33 ಡಿಗ್ರಿ. ನಾಲ್ಕು ವರ್ಷ ಬೆಳೆಸಿದ ಲೆದರ್ ಕೋರಲ್ ಎರಡೇ ದಿನದಲ್ಲಿ ಲೋಳೆಯಾಗಿ ಕೊಳೆತು ಮನೆಯೆಲ್ಲ ನಾರಿತು. ತಪ್ಪು ಚಿಲ್ಲರಿನದು, ದೀಪದ್ದಲ್ಲ.

ವಿಜಯನಗರದಿಂದ:
ನೀರು ಕಾಯಿಸಿದ್ದು ದೀಪ, ತಪ್ಪು ಚಿಲ್ಲರಿನದು! ನಾನು ಎಸ್.ಪಿ. ರಸ್ತೆಯಲ್ಲಿ ಮೂರು ಶನಿವಾರ ಅಲೆದು ದೀಪವನ್ನು ಸ್ವತಃ ಕಟ್ಟಿಕೊಂಡೆ. 3 ವಾಟ್‌ನ 48 ಎಲ್‌ಇಡಿಗಳು, ಅದರಲ್ಲಿ 30 ರಾಯಲ್ ಬ್ಲೂ, ಉಳಿದವು ಬಿಳಿ. ಹೀಟ್‌ಸಿಂಕ್, ಫ್ಯಾನ್, ಕರೆಂಟು ಹದಗೊಳಿಸುವ ಡ್ರೈವರ್ ಸೇರಿ 11,400 ರೂಪಾಯಿ. ಸಂಪಿನ (ಟ್ಯಾಂಕಿನ ಕೆಳಗೆ ನೀರು ಸೋಸುವ ತೊಟ್ಟಿ) ಪಕ್ಕದಲ್ಲಿಟ್ಟಿದ್ದ ಡ್ರೈವರ್ ಉಪ್ಪಿನ ಆವಿಗೆ ಎರಡು ಸಲ ಸತ್ತಿತು, ಅದಕ್ಕೆ ಮತ್ತೆ 1,900. ಹವಳದೊಳಗೆ ಬದುಕಿ ಅದಕ್ಕೆ ಆಹಾರ ಒದಗಿಸುವ ಪಾಚಿಗೆ ಬೇಕಾದದ್ದು ಮುಖ್ಯವಾಗಿ 450 ನ್ಯಾನೋಮೀಟರ್ ಆಸುಪಾಸಿನ ನೀಲಿ. ಅದನ್ನು ಕೊಟ್ಟರೆ ಸಾಕು. ಒಂದೇ ಪೆಟ್ಟು ತಿಂದೆ: ಫೋನಿನ ಲಕ್ಸ್ ಆ್ಯಪ್ ಬೆಳಕು ಕಡಿಮೆ ಎಂದು ತೋರಿಸಿದ್ದರಿಂದ ಮೊದಲ ದಿನವೇ ಪೂರ್ತಿ ಏರಿಸಿದೆ, ನಾಲ್ಕೇ ದಿನದಲ್ಲಿ ಮಶ್ರೂಮ್‌ಗಳು ಬೆಳ್ಳಗಾದವು. ಬಳಿಕ ಶೇ 25ರಿಂದ ಶುರು ಮಾಡಿ ವಾರಕ್ಕೆ ಶೇ 5ರಂತೆ ಏರಿಸಿದೆ.

ಜೆ.ಪಿ. ನಗರದಿಂದ:
ಫೋನಿನ ಆ್ಯಪ್ ನಂಬಿ ದೀಪ ಕಟ್ಟಿದವರು ಬೇರೆಯವರಿಗೆ ಬುದ್ಧಿ ಹೇಳುವುದು ಆಶ್ಚರ್ಯ. ಲಕ್ಸ್ ಎನ್ನುವುದು ಮನುಷ್ಯನ ಕಣ್ಣಿಗೆ ತೋರುವ ಬೆಳಕಿನ ಅಳತೆ. ಕಣ್ಣು ಹಸಿರನ್ನು ಹೆಚ್ಚು ಗ್ರಹಿಸುತ್ತದೆ, 450ರ ನೀಲಿಯನ್ನು ಬಹಳ ಕಡಿಮೆ. ನೀವು ನೀಲಿಯನ್ನೇ ತುಂಬಿಸಿ ಲಕ್ಸ್‌ನಲ್ಲಿ ಅಳೆದಿರಿ, ಅದಕ್ಕೇ ಮಶ್ರೂಮ್‌ಗಳು ಬೆಂದವು. ಅಳೆಯಬೇಕಾದದ್ದು ಪಾರ್, ಅಂದರೆ ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕು. ನಾನು ಸ್ನೇಹಿತರಿಂದ ಪಾರ್ ಮೀಟರ್ ಎರವಲು ತಂದು ಕಲ್ಲುಕಲ್ಲಿಗೂ ಅಳೆದಿದ್ದೇನೆ: 39 ವಾಟ್‌ನ ಆರು ಟಿ5 ಟ್ಯೂಬುಗಳ ಕೆಳಗೆ ಮೇಲ್ಗಲ್ಲಿನಲ್ಲಿ 220, ಮರಳಿನ ಮೇಲೆ 90, ಎಲ್ಲಿಯೂ ಕಪ್ಪು ನೆರಳಿಲ್ಲ. ಹತ್ತು ತಿಂಗಳಿಗೊಮ್ಮೆ ಆರು ಟ್ಯೂಬು ಬದಲಿಸಲು 13,200 ರೂಪಾಯಿ ಎಂಬುದು ನಿಜ, ಮತ್ತು ಒಮ್ಮೆ ಕೊರಿಯರಿನಲ್ಲಿ ಎರಡು ಒಡೆದು ಬಂದು ಆ ಹಣ ಮುಳುಗಿದ್ದೂ ನಿಜ.

ವಿಜಯನಗರದಿಂದ:
ಮೇಡಂ, ಆರು ಟ್ಯೂಬು ಒಂಬತ್ತು ಗಂಟೆ ಉರಿದರೆ ತಿಂಗಳಿಗೆ 63 ಯೂನಿಟ್. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಗೃಹಜ್ಯೋತಿ ತಪ್ಪಿ ಇಡೀ ಬಿಲ್ಲನ್ನು ಕಟ್ಟಬೇಕಾಗುತ್ತದೆ. ಟ್ಯೂಬಿನ ಲೆಕ್ಕದಲ್ಲಿ ಅದನ್ನೂ ಬರೆದುಕೊಳ್ಳಿ.

ಜೆ.ಪಿ. ನಗರದಿಂದ:
ಗೃಹಜ್ಯೋತಿಗೆ ನಾನು ಅರ್ಜಿಯನ್ನೇ ಹಾಕಿಲ್ಲ. ಸಮುದ್ರವನ್ನು ಮೂರನೆಯ ಮಹಡಿಗೆ ಹತ್ತಿಸಿದವರು ಕರೆಂಟಿನ ಬಿಲ್ಲಿಗೆ ಅಳುವುದು ನನಗೆ ಅರ್ಥವಾಗುವುದಿಲ್ಲ.

ಯಲಹಂಕದಿಂದ:
ದೀಪಕ್ಕೆ ಮುಂಚೆ ನೀರು ನೋಡಿ. 2024ರ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಬತ್ತಿ ಟ್ಯಾಂಕರ್ ನೀರು ತರಿಸಿದೆವು. ಆರ್‌ಒ ಮೆಂಬ್ರೇನ್ (ನೀರು ಸೋಸುವ ಪೊರೆ) ಎರಡೇ ತಿಂಗಳಿಗೆ ಕಟ್ಟಿಕೊಂಡು ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಾಂಶ, 60ಕ್ಕೇರಿತು, ಹೊಸ ದೀಪದಡಿ ಹವಳಕ್ಕಿಂತ ಕೂದಲು ಪಾಚಿಯೇ ಚೆನ್ನಾಗಿ ಬೆಳೆಯಿತು. ಇನ್ನೊಂದು ಮಾತು. ಮುಂದೆ ಗಟ್ಟಿ ಹವಳ ಇಡಬಹುದೆಂದು ಯಾರಾದರೂ ಭಾರೀ ದೀಪ ಮಾರಲು ಬಂದರೆ ಕೊಳ್ಳಬೇಡಿ: ನಮ್ಮ ಕಡಲಿನ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಲ್ಲಿವೆ. ಮೃದು ಹವಳಕ್ಕೆ ಪಾರ್ 50ರಿಂದ 150 ಧಾರಾಳವಾಯಿತು.

ಮಲ್ಲೇಶ್ವರದಿಂದ:
ಗಟ್ಟಿ ಹವಳದ ಮಾತು ಇಲ್ಲಿ ಯಾರೂ ಎತ್ತಿರಲಿಲ್ಲ. ನಾನು ಸಾಕಿದ್ದೂ ಲೆದರ್ ಕೋರಲ್ಲೇ; ಕಳ್ಳನನ್ನು ಕಂಡಂತೆ ಕಾನೂನು ಓದುವ ಅಗತ್ಯವಿರಲಿಲ್ಲ.

ಯಲಹಂಕದಿಂದ:
ತಮಗೆ ಹೇಳಿದ್ದಲ್ಲ ಸ್ವಾಮಿ, ಪ್ರಶ್ನೆ ಕೇಳಿದವರಿಗೆ ಹೇಳಿದ್ದು. ಆದರೂ ಒಂದೂವರೆ ಅಡಿ ನೀರಿಗೆ 250 ವಾಟ್ ಹಾಲೈಡ್ ಎಂದರೆ ಇಲಿ ಓಡಿಸಲು ಮನೆಗೆ ಬೆಂಕಿ ಇಟ್ಟಂತೆ.

ಬನಶಂಕರಿಯಿಂದ:
ಎಲ್ಲರಿಗೂ ಧನ್ಯವಾದಗಳು. ಬೆಳಕನ್ನು ಏರಿಸಿ ಇಳಿಸಲು ಬರುವ 100 ವಾಟ್‌ನೊಳಗಿನ ಎಲ್‌ಇಡಿ ಕೊಂಡು, ಶೇ 25ರಿಂದ ಆರಂಭಿಸುತ್ತೇನೆ. ಉಳಿದ ಹಣದಲ್ಲಿ ಆರ್‌ಒ ಮೆಂಬ್ರೇನ್ ಬದಲಿಸುತ್ತೇನೆ. ಹಾಲೈಡ್ ಬೇಡವೆಂದು ಪರಿಚಿತರಿಗೆ ಇವತ್ತೇ ತಿಳಿಸುವೆ.

ಮಲ್ಲೇಶ್ವರದಿಂದ:
ತಿಳಿಸುವ ಮುನ್ನ ಅದರ ಬ್ಯಾಲಾಸ್ಟ್ 250 ವಾಟ್‌ನದೇ ಎಂದು ಕೇಳಿ ಹೇಳಿ. ನಾನು ಬಂದು ತೆಗೆದುಕೊಂಡು ಹೋಗುತ್ತೇನೆ.