ಸಹಾಯ ಬೇಕು: ತಂಗಿಯ ಮಗಳನ್ನು ದತ್ತು ತೆಗೆದುಕೊಳ್ಳಲು ಅಪ್ಪನ ಸಹಿ ಇಲ್ಲ

ನಮಸ್ಕಾರ, ನಾವು ಶಿರಸಿಯವರು. ತಂಗಿ ತೀರಿಕೊಂಡು 3 ವರ್ಷ ಆಯಿತು. ಅವಳ ಮಗಳಿಗೆ ಈಗ 6. ನಮ್ಮ ಮನೆಯಲ್ಲೇ ಬೆಳೀತಿದ್ದಾಳೆ, ನನ್ನನ್ನೇ ಆಯಿ (ಅಮ್ಮ) ಅಂತಾಳೆ. ಮಗುವಿನ ಅಪ್ಪ ಅದೇ ವರ್ಷ ಮನೆ ಬಿಟ್ಟವನು, ಪತ್ತೆಯೇ ಇಲ್ಲ. ಪೊಲೀಸ್ ದೂರು ಕೊಟ್ಟಾಯ್ತು. ರಿಜಿಸ್ಟರ್ ಪೋಸ್ಟ್ 'ವಿಳಾಸದಲ್ಲಿಲ್ಲ' ಎಂಬ ಷರಾದೊಂದಿಗೆ ವಾಪಸ್ ಬಂತು, ಲಕೋಟೆ ಹಾಗೇ ಇಟ್ಟಿದ್ದೇನೆ.

ದತ್ತು ಪತ್ರಕ್ಕೆ ಅಪ್ಪನ ಸಹಿ ಇರಲೇಬೇಕು ಅಂತ ಒಬ್ಬರು ಹೇಳಿದರು, ಅದು ಬೇಕೇ ಬೇಕು ಅಂದರು. ಇನ್ನೊಬ್ಬರು ಮಕ್ಕಳ ಕಲ್ಯಾಣ ಸಮಿತಿಗೆ ಹೋಗಿ ಅಂದರು. ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಎರಡು ಸಲ ಹೋಗಿ ಬಂದೆ. ಒಮ್ಮೆ ಸಾಹೇಬರು ರಜೆ!

ಅಪ್ಪನೇ ಬಂದು ಮಗುವನ್ನು ಸಮಿತಿಗೆ ಒಪ್ಪಿಸಿದರೆ ಮನಸ್ಸು ಬದಲಿಸಲು 2 ತಿಂಗಳು ಸಮಯ ಇರುತ್ತದಂತೆ. ಬರದವನನ್ನು ಎಲ್ಲಿಂದ ತರಲಿ? ಕೊನೆಯ ಆದೇಶ ಈಗ ಕೋರ್ಟಿನದಲ್ಲ, ಜಿಲ್ಲಾಧಿಕಾರಿಗಳದ್ದು ಅನ್ನೋದು ಗೊತ್ತು.

ನನ್ನ ಗೊಂದಲ ಇಷ್ಟೇ. ಸಂಬಂಧಿಕರ ದತ್ತುವಿನಲ್ಲಿ ಅಪ್ಪನ ಒಪ್ಪಿಗೆಯ ಬದಲು ಸಮಿತಿಯ ಅನುಮತಿ ಸಾಕಾಗುತ್ತದಾ? ಅಥವಾ ಮೊದಲು ಸಮಿತಿ ಮಗುವನ್ನು ಕಾನೂನಿನ ಪ್ರಕಾರ 'ದತ್ತುವಿಗೆ ಮುಕ್ತ' ಎಂದು ಘೋಷಿಸಲೇಬೇಕಾ? ಹಾಗೆ ಘೋಷಿಸಿದರೆ ಮಗು ಕಾರಾ (ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರ) ಪಟ್ಟಿಗೆ ಸೇರಿ ಬೇರೆಯವರ ಪಾಲಾಗುತ್ತದಾ? ಇದನ್ನು ಸ್ವತಃ ಮಾಡಿಸಿಕೊಂಡವರು ಇದ್ದರೆ ದಯವಿಟ್ಟು ಹೇಳಿ.