ಮಜ್ಜಿಗೆಯೊಳಗಿನ ಬೆಣ್ಣೆ: ನಮ್ಮ ಮನೆಯ ಗುಂಪಿನಲ್ಲಿ ನಡೆದ ಒಂದು ವಾದ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಕನ್ನಡವನ್ನು ಕನ್ನಡ ಲಿಪಿಯಲ್ಲೇ, ಅದೂ ಪೂರ್ಣ ವಾಕ್ಯಗಳಲ್ಲೇ ಬರೆಯಬೇಕೆಂಬುದು ದೊಡ್ಡಪ್ಪನವರು ಹಾಕಿದ ಕಟ್ಟಳೆ. ಆದ್ದರಿಂದ ಇಲ್ಲಿ ಜಗಳವಾದರೂ ವ್ಯಾಕರಣಬದ್ಧವಾಗಿಯೇ ಆಗುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಭಾನುವಾರ ನಡೆದ ಈ ಮಾತುಕತೆಯಿಂದ ಕಮಲದ ಹೂವಿನ ಚಿತ್ರಗಳನ್ನೂ ಕೈಮುಗಿದ ಗುರುತುಗಳನ್ನೂ ತೆಗೆದು ಉಳಿದದ್ದನ್ನು ಇಟ್ಟಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವಂತೆಯೇ ಇವೆ.

ಚಿಕ್ಕಪ್ಪ, ಬೆಂಗಳೂರು (ಹಲವು ಬಾರಿ ಫಾರ್ವರ್ಡ್ ಆದದ್ದು): ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಹಾಡಿನ ಗುಪ್ತಾರ್ಥ ನಿಮಗೆ ಗೊತ್ತೇ? ಹೆಜ್ಜೆಯ ಮೇಲೆ ಹೆಜ್ಜೆ ಎಂದರೆ ಉಸಿರಿನ ನಿಯಂತ್ರಣ. ಗೆಜ್ಜೆಯ ಧ್ವನಿ ಎಂದರೆ ಅನಾಹತ ನಾದ. ಮಜ್ಜಿಗೆ ಎಂದರೆ ಕದಡಿದ ಮನಸ್ಸು, ಬೆಣ್ಣೆ ಎಂದರೆ ಕುಂಡಲಿನಿ. ಕನಕವೃಷ್ಟಿಯನ್ನು ಕರೆಯುವುದೆಂದರೆ ನೆತ್ತಿಯ ಸಹಸ್ರಾರ ಚಕ್ರದ ಅಮೃತವನ್ನು ಕೂಗಿ ಆಹ್ವಾನಿಸುವುದು. ಪುರಂದರದಾಸರು ಇದನ್ನು ಮಧ್ಯಮಾವತಿ ರಾಗದಲ್ಲಿ ರಚಿಸಿದ್ದೂ ಸಂಪತ್ತನ್ನು ಆಕರ್ಷಿಸುವುದಕ್ಕೆಂದೇ. ಹತ್ತು ಜನರಿಗೆ ಕಳುಹಿಸಿ.

ಅಕ್ಕ, ನ್ಯೂಜೆರ್ಸಿ: ಚಿಕ್ಕಪ್ಪ, ಸರಿಯಾದ ಹೊತ್ತಿಗೆ ಕಳುಹಿಸಿದಿರಿ. ಬರುವ ಶನಿವಾರ ಇಲ್ಲಿನ ಕನ್ನಡದವರ ಹಬ್ಬದ ಕೂಟದಲ್ಲಿ ಮಗಳು ಇದೇ ಹಾಡನ್ನು ಹಾಡುತ್ತಾಳೆ. ಹಾಡಿಗೆ ಮೊದಲು ಎರಡು ನಿಮಿಷ ಅರ್ಥ ಹೇಳಬೇಕಂತೆ. ಇದನ್ನೇ ಓದಿಬಿಡಲೇ?

ದೊಡ್ಡಪ್ಪ, ಧಾರವಾಡ: ಓದಬೇಡ. ಒಂಬತ್ತು ವರ್ಷದ ಹುಡುಗಿಯ ಬಾಯಲ್ಲಿ ಕುಂಡಲಿನಿಯನ್ನು ಹೇಳಿಸಿ ನಮ್ಮ ಮನೆತನದ ಮಾನ ಕಳೆಯಬೇಡ. ದಾಸರು ಯಾವ ಧಾಟಿಯಲ್ಲಿ ಹಾಡಿದರೆಂಬುದು ನಮಗೆ ಉಳಿದು ಬಂದಿಲ್ಲ. ಸಾಹಿತ್ಯ ಬಾಯಿಂದ ಬಾಯಿಗೆ ಉಳಿಯಿತು, ಈಗಿನ ಮಟ್ಟುಗಳು ಆಮೇಲಿನವರು ಕೂಡಿಸಿದವು. ಆದ್ದರಿಂದ ರಾಗದ ಮೇಲೆ ಕಟ್ಟಿದ ಅರ್ಥ ಅಲ್ಲಿಗೇ ಬಿತ್ತು. ಇನ್ನು ‘ಕರೆಯುತ’ ಎಂಬುದಕ್ಕೆ ಕೂಗುವುದೆಂದು ಬರೆದವನು ‘ಮಳೆಗರೆ’ ಎಂಬ ಮಾತನ್ನು ಕೇಳಿಯೇ ಇಲ್ಲ. ವೃಷ್ಟಿಯ ಜೊತೆಗೆ ಬರುವ ಕರೆ ಎಂದರೆ ಸುರಿಸು.

ಅತ್ತೆ, ಸಾಗರ: ಹಸುವನ್ನು ಕರೆಯುವುದಕ್ಕೂ ಅದೇ ಮಾತಲ್ಲವೇ ಅಣ್ಣ? ನಾನು ದಿನಾ ಎರಡು ಹೊತ್ತು ಹಾಲು ಕರೆಯುತ್ತೇನೆ, ಒಂದು ಹಸುವನ್ನೂ ಕೂಗಿ ಹಾಲು ಇಳಿಸಿದ್ದಿಲ್ಲ.

ಚಿಕ್ಕಪ್ಪ, ಬೆಂಗಳೂರು: ನಗಬೇಡಿ. ಫಾರ್ವರ್ಡ್ ಬರೆದವನು ಯಾರೋ ನನಗೆ ತಿಳಿಯದು, ಅವನ ಪದಾರ್ಥದಲ್ಲಿ ತಪ್ಪಿರಬಹುದು. ಆದರೆ ನನ್ನ ಪ್ರಶ್ನೆ ಬೇರೆ. ಪುರಂದರದಾಸರು ಪೂರ್ವಾಶ್ರಮದಲ್ಲಿ ನವಕೋಟಿ ನಾರಾಯಣರೆನಿಸಿಕೊಂಡು, ಒಂದು ಮೂಗುತಿಯ ದೆಸೆಯಿಂದ ಕಣ್ಣು ತೆರೆದು, ಇದ್ದದ್ದನ್ನೆಲ್ಲ ದಾನ ಮಾಡಿ ಹೊರಟವರೆಂದು ಪರಂಪರೆ ಹೇಳುತ್ತದೆ. ಹಾಗೆ ಹೊರಟವರು ಮತ್ತೆ ಚಿನ್ನದ ಮಳೆ ಸುರಿಸು, ಸಕ್ಕರೆ ತುಪ್ಪದ ಕಾಲುವೆ ಹರಿಸು ಎಂದು ಲಕ್ಷ್ಮಿಯ ಮುಂದೆ ಕೈಯೊಡ್ಡುವುದೆಂದರೆ ಏನು? ಒಳಗೊಂದು ಅರ್ಥವಿದ್ದರೆ ಮಾತ್ರ ಈ ಹಾಡು ಅವರದೆಂದು ನಂಬಬಹುದು. ನೇರ ಅರ್ಥವನ್ನೇ ಹಿಡಿದರೆ ಇದು ಬ್ಯಾಂಕಿಗೆ ಹಾಕಿದ ಸಾಲದ ಅರ್ಜಿಯಂತೆ ಕಾಣುತ್ತದೆ. ಮೂವತ್ತು ವರ್ಷ ಅಂಥ ಅರ್ಜಿಗಳನ್ನು ಓದಿದವನು ನಾನು.

ನಾನು: ಚಿಕ್ಕಪ್ಪನವರ ಪ್ರಶ್ನೆ ನ್ಯಾಯವಾದದ್ದೇ. ಹಬ್ಬದ ದಿನ ಎಲ್ಲರ ಮನೆಯಲ್ಲೂ ಈ ಹಾಡು ಕೇಳುತ್ತದೆ, ಯಾರಿಗೂ ಈ ಅನುಮಾನ ಬಂದಂತಿಲ್ಲ.

ದೊಡ್ಡಪ್ಪ, ಧಾರವಾಡ: ಬರಬೇಕಾದ ಅನುಮಾನವೇ. ಆದರೆ ಹಾಡನ್ನು ಪೂರ್ತಿ ಓದಿ. ಯಾವ ಹೊತ್ತಿಗೆ ಬಾ ಎನ್ನುತ್ತಾರೆ? ‘ಸಜ್ಜನ ಸಾಧು ಪೂಜೆಯ ವೇಳೆಗೆ’. ತನ್ನ ಪೆಟ್ಟಿಗೆ ತುಂಬುವ ವೇಳೆಗಲ್ಲ. ಎಂಥ ಭಾಗ್ಯ ಬೇಕು ಎನ್ನುತ್ತಾರೆ? ‘ಶಂಕೆಯಿಲ್ಲದ ಭಾಗ್ಯ’. ಬಂದ ದುಡ್ಡಿನ ಬಗ್ಗೆ ಎದೆಯಲ್ಲಿ ಅಳುಕು ಇರಬಾರದು. ಚಿನ್ನ ಒತ್ತೆಯಿಡಿಸಿಕೊಳ್ಳುವ ವ್ಯಾಪಾರದಲ್ಲಿ ಇದ್ದವರೆಂದು ಯಾರನ್ನು ಕುರಿತು ಹೇಳುತ್ತಾರೋ ಅವರ ಹಾಡಿನಲ್ಲಿ ಈ ಒಂದು ಪದ ಬಂದಿರುವುದು ನನಗೆ ಎಲ್ಲ ಚಕ್ರಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಮೂರನೆಯದಾಗಿ, ನುಡಿಯ ಕೊನೆಯಲ್ಲಿ ಲಕ್ಷ್ಮಿಯನ್ನು ಹೇಗೆ ಕರೆಯುತ್ತಾರೆ ನೋಡಿ. ವೆಂಕಟರಮಣನ ಬಿಂಕದ ರಾಣಿ, ಪುರಂದರ ವಿಠಲನ ರಾಣಿ. ಅವನನ್ನು ಬಿಟ್ಟು ಅವಳೊಬ್ಬಳೇ ಬರುವವಳಲ್ಲ ಎಂಬುದು ಮಾಧ್ವರ ಮತ. ಅವಳನ್ನು ಕರೆದರೆ ಅವನನ್ನು ಕರೆದಂತೆಯೇ.

ಅಕ್ಕ, ನ್ಯೂಜೆರ್ಸಿ: ದೊಡ್ಡಪ್ಪ, ನನ್ನ ಹತ್ತಿರ ಇರುವ ಪ್ರತಿಯಲ್ಲಿ ‘ಸಂಖ್ಯೆಯಿಲ್ಲದ ಭಾಗ್ಯವ ಕೊಟ್ಟು’ ಎಂದಿದೆ. ಹಾಗಾದರೆ ಲೆಕ್ಕವಿಲ್ಲದಷ್ಟು ಕೊಡು ಎಂದಲ್ಲವೇ? ನಿಮ್ಮ ಅಳುಕಿನ ಮಾತು ಎಲ್ಲಿ ಉಳಿಯಿತು?

ಚಿಕ್ಕಪ್ಪ, ಬೆಂಗಳೂರು: ಅರ್ಜಿಯಲ್ಲಿ ಮೊತ್ತದ ಜಾಗವನ್ನು ಖಾಲಿ ಬಿಟ್ಟಂತಾಯಿತು.

ದೊಡ್ಡಪ್ಪ, ಧಾರವಾಡ: ಆ ಪಾಠವೂ ಓಡಾಡುತ್ತಿದೆ, ಗೊತ್ತಿದೆ. ಆದರೆ ಯಾವುದು ಸರಿಯೆಂದು ಹಾಡೇ ಹೇಳುತ್ತದೆ. ಆ ನುಡಿಯ ಸಾಲುಗಳ ಮೊದಲ ಪದಗಳನ್ನು ಮಾತ್ರ ಬಾಯಲ್ಲಿ ಹೇಳಿಕೋ: ಕಂಕಣ, ಕುಂಕುಮ, ವೆಂಕಟ. ಎರಡನೆಯ ಅಕ್ಷರದ ಪ್ರಾಸ. ಇದರ ಸಾಲಿನಲ್ಲಿ ‘ಶಂಕೆ’ ತಾನಾಗಿ ಕೂರುತ್ತದೆ, ‘ಸಂಖ್ಯೆ’ ಬಂದರೆ ಊಟದ ಪಂಕ್ತಿಯಲ್ಲಿ ಯಾರೋ ಚಪ್ಪಲಿ ಹಾಕಿಕೊಂಡು ಕೂತಂತಾಗುತ್ತದೆ. ಹಾಡಿನ ಉದ್ದಕ್ಕೂ ಬಹುಮಟ್ಟಿಗೆ ಹೀಗೆಯೇ. ಕನಕ, ದಿನಕರ, ಜನಕ ಒಂದು ನುಡಿ. ಸಕ್ಕರೆ, ಅಕ್ಕರೆ, ಚೊಕ್ಕ ಇನ್ನೊಂದು. ಅಕ್ಷರ ಬಲ್ಲವರೂ ಬಾರದವರೂ ಈ ಹಾಡನ್ನು ಬಾಯಲ್ಲಿ ಇಟ್ಟುಕೊಂಡು ಬಂದದ್ದು ಈ ಪ್ರಾಸದ ಗೂಟಗಳಿಗೆ ಕಟ್ಟಿಕೊಂಡೇ.

ಅಕ್ಕ, ನ್ಯೂಜೆರ್ಸಿ: ಹಾಗಾದರೆ ‘ಮನಕೆ ಮಾನವ ಸಿದ್ಧಿಯ ತೋರೆ’ ಎಂಬುದೂ ಸರಿಯೇ ಆಗಬೇಕು, ಏಕೆಂದರೆ ಪ್ರಾಸ ಕೂಡುತ್ತದೆ. ಅಮ್ಮ ಹಾಗೆಯೇ ಹಾಡುತ್ತಾಳೆ.

ದೊಡ್ಡಪ್ಪ, ಧಾರವಾಡ: ಅಲ್ಲಿ ಪ್ರಾಸ ತೀರ್ಪು ಕೊಡಲಾರದು, ಏಕೆಂದರೆ ‘ಮನಕಾಮನೆಯ ಸಿದ್ಧಿಯ ತೋರೆ’ ಎಂದರೂ ಅದು ಕೂಡುತ್ತದೆ. ಅಲ್ಲಿ ಅರ್ಥವನ್ನು ಕೇಳಬೇಕು. ‘ಮಾನವ ಸಿದ್ಧಿ’ ಎಂದರೆ ಏನೆಂದು ನನಗೆ ಯಾರೂ ಹೇಳಿದ್ದಿಲ್ಲ. ಮನಸ್ಸಿನ ಬಯಕೆ ಈಡೇರಲಿ ಎಂಬುದು ನೇರವಾಗಿದೆ. ನಿನ್ನ ಅಮ್ಮನಿಗೆ ಮಾತ್ರ ಇದನ್ನು ಹೇಳಬೇಡ. ನಲವತ್ತು ವರ್ಷದಿಂದ ಹಾಗೆ ಹಾಡಿ ನಮ್ಮೆಲ್ಲರಿಗೂ ಹೋಳಿಗೆ ಬಡಿಸಿದ್ದಾಳೆ.

ನಾನು: ಪ್ರಾಸವೇ ಇಷ್ಟು ದೊಡ್ಡದಾದರೆ ನನಗೊಂದು ತೊಡಕು. ಹೆಜ್ಜೆ, ಗೆಜ್ಜೆ, ಸಜ್ಜನ ಎಂದು ಹೊರಟವರಿಗೆ ನಾಲ್ಕನೆಯದೊಂದು ಬೇಕಾಗಿತ್ತು, ಮಜ್ಜಿಗೆ ಸಿಕ್ಕಿತು. ಅಷ್ಟೇ ಎಂದಾದರೆ ಮಜ್ಜಿಗೆಯೊಳಗಿನ ಬೆಣ್ಣೆಗೆ ಒಳ ಅರ್ಥವೂ ಇಲ್ಲ, ಹೊರ ಅರ್ಥವೂ ಇಲ್ಲ. ಚಿಕ್ಕಪ್ಪನವರ ಫಾರ್ವರ್ಡ್ ಬೀಳುವಾಗ ನಿಮ್ಮ ಹಾಡನ್ನೂ ಹಿಡಿದುಕೊಂಡೇ ಬಿದ್ದಂತಾಯಿತು.

ದೊಡ್ಡಪ್ಪ, ಧಾರವಾಡ: ಜ್ಜ ಬರುವ ಪದಗಳಿಗೆ ಕನ್ನಡದಲ್ಲಿ ಬರವಿಲ್ಲ. ಲಜ್ಜೆಯಿತ್ತು, ಕಜ್ಜಾಯವಿತ್ತು, ಬೇಕಾದರೆ ಸಜ್ಜಿಗೆಯೂ ಇತ್ತು. ಅಷ್ಟನ್ನೂ ಬಿಟ್ಟು ಮಜ್ಜಿಗೆಯನ್ನು ಆರಿಸಿಕೊಂಡರು. ಲಕ್ಷ್ಮಿ ಹುಟ್ಟಿದ್ದು ಎಲ್ಲಿ ಎಂಬುದನ್ನು ನೆನಪಿಸಿಕೋ. ಹಾಲಿನ ಕಡಲನ್ನು ಕಡೆದಾಗ ಮೇಲೆದ್ದವಳು ಅವಳು. ಮಂದರವನ್ನು ಕಡಗೋಲು ಮಾಡಿ, ವಾಸುಕಿಯನ್ನು ಹಗ್ಗ ಮಾಡಿ ದೇವಾಸುರರು ನಡೆಸಿದ ಕೆಲಸವನ್ನು ದಾಸರು ನಮ್ಮ ಅಡುಗೆಮನೆಯ ಮೂಲೆಗೆ ತಂದಿಟ್ಟಿದ್ದಾರೆ. ಪ್ರಾಸ ಪದವನ್ನು ತಂದುಕೊಟ್ಟಿರಬಹುದು, ಉಪಮೆಯನ್ನು ಕೊಟ್ಟವರು ಅವರೇ.

ಚಿಕ್ಕಪ್ಪ, ಬೆಂಗಳೂರು: ಹಾಗಿದ್ದರೆ ಮೊಸರಿನೊಳಗಿನ ಬೆಣ್ಣೆ ಎನ್ನಬೇಕಿತ್ತು. ಕಡೆಯುವುದು ಮೊಸರನ್ನು. ಮಜ್ಜಿಗೆಯೆಂದರೆ ಬೆಣ್ಣೆ ತೆಗೆದ ಮೇಲೆ ಉಳಿದದ್ದು. ಅದರಲ್ಲಿ ಬೆಣ್ಣೆಯನ್ನು ಹುಡುಕುವುದು ದಾನ ಕೊಟ್ಟ ಮೇಲೆ ಪೆಟ್ಟಿಗೆಯಲ್ಲಿ ಚಿನ್ನ ಹುಡುಕಿದಂತೆ. ಈಗ ಹೇಳಿ, ಇಲ್ಲಿ ಗೂಢಾರ್ಥವಿಲ್ಲವೇ?

ಅತ್ತೆ, ಸಾಗರ: ನೀವಿಬ್ಬರೂ ಹುಟ್ಟಿದ ಮೇಲೆ ಒಂದು ದಿನವಾದರೂ ಕಡಗೋಲು ಹಿಡಿದಿದ್ದೀರಾ? ಕೇಳಿ. ಮೊಸರನ್ನು ಕಡೆಯುತ್ತಾ ಹೋದಂತೆ ಮೊದಲು ಬರೀ ನೊರೆ. ಕೈ ಸೋತು, ಇವತ್ತು ಬರುವುದೇ ಇಲ್ಲವೇನೋ ಅನ್ನಿಸುವ ಹೊತ್ತಿಗೆ ಸದ್ದು ಬದಲಾಗುತ್ತದೆ. ದಪ್ಪಗಿದ್ದ ಸದ್ದು ತೆಳ್ಳಗಾಗಿ ನೀರಿನಂತೆ ಕೇಳುತ್ತದೆ. ಕಡಗೋಲಿಗೆ ಸಣ್ಣ ಸಣ್ಣ ಹರಳು ಅಂಟಿಕೊಳ್ಳುತ್ತವೆ. ಬೇಸಿಗೆಯಾದರೆ ತಣ್ಣೀರು, ಚಳಿಯಾದರೆ ಉಗುರುಬೆಚ್ಚಗಿನ ನೀರು ಹಾಕಿ ಇನ್ನು ನಾಲ್ಕು ಸಲ ತಿರುವಿದರೆ ಆ ಹರಳೆಲ್ಲ ಕೂಡಿಕೊಂಡು ಮೇಲೆ ತೇಲುತ್ತವೆ. ಆ ಗಳಿಗೆಯಲ್ಲಿ ಪಾತ್ರೆಯಲ್ಲಿ ಮೊಸರು ಎಲ್ಲಿದೆ? ಅದು ಆಗಲೇ ಮಜ್ಜಿಗೆಯಾಗಿದೆ. ಬೆಣ್ಣೆ ಇನ್ನೂ ಅದರೊಳಗೇ ಇದೆ, ಕೈಹಾಕಿ ತೆಗೆಯುವುದಷ್ಟೇ ಬಾಕಿ. ಮಜ್ಜಿಗೆಯೊಳಗಿನ ಬೆಣ್ಣೆಯೆಂದರೆ ಆ ಗಳಿಗೆ. ಅದಕ್ಕೆ ಮೊದಲು ಕಾಣುವುದಿಲ್ಲ, ಆಮೇಲೆ ಮಜ್ಜಿಗೆಯಲ್ಲಿ ಇರುವುದಿಲ್ಲ.

ಇನ್ನೊಂದು ಮಾತು. ಕಡೆಯುತ್ತಿರುವವಳನ್ನು ಮನೆಯವರು ಏನೆಂದು ಕೇಳುತ್ತಾರೆ? ಬೆಣ್ಣೆ ಮಾಡಿದೆಯಾ ಎಂದು ಯಾರೂ ಕೇಳುವುದಿಲ್ಲ. ಬೆಣ್ಣೆ ಬಂತಾ ಎಂದು ಕೇಳುತ್ತಾರೆ. ರೊಟ್ಟಿಯನ್ನು ಮಾಡುತ್ತೇವೆ, ಹುಳಿಯನ್ನು ಮಾಡುತ್ತೇವೆ, ಬೆಣ್ಣೆ ಮಾತ್ರ ಬರುತ್ತದೆ. ದುಡಿದವಳು ನಾನು, ಆದರೂ ಬಂದದ್ದು ಅದು. ‘ಬಾರಮ್ಮ’ ಎಂದು ಕರೆದು ಬೆಣ್ಣೆಯಂತೆ ಬಾ ಎಂದರೆ ನನಗೆ ಯಾವ ಗುಪ್ತಾರ್ಥವೂ ಬೇಕಾಗುವುದಿಲ್ಲ. ಆಮೇಲೆ ‘ಕಂಕಣ ಕೈಯ ತಿರುವುತ ಬಾರೆ’ ಎನ್ನುತ್ತಾರಲ್ಲ, ಅದನ್ನು ಹಾಡುವಾಗಲೆಲ್ಲ ನನಗೆ ನಮ್ಮ ಅಮ್ಮ ಕಡೆಯುತ್ತಾ ಕೂತದ್ದು, ಬಳೆಗಳು ಮೊಣಕೈವರೆಗೆ ಜಾರಿ ಮತ್ತೆ ಮಣಿಕಟ್ಟಿಗೆ ಬರುತ್ತಿದ್ದದ್ದು ಕಾಣುತ್ತದೆ. ದಾಸರು ಅದನ್ನೇ ಹೇಳಿದರೋ ಇಲ್ಲವೋ ಅಣ್ಣ ಹೇಳಲಿ.

ದೊಡ್ಡಪ್ಪ, ಧಾರವಾಡ: ಕೈ ತಿರುವುವುದೆಂದರೆ ಬಳೆ ಕಾಣುವಂತೆ ಬೆಡಗಿನಿಂದ ಕೈಯಾಡಿಸುತ್ತಾ ಬರುವುದೆಂದೇ ನಾನು ಪಾಠ ಹೇಳುತ್ತಿದ್ದೆ. ಆ ಸಾಲಿಗೆ ಕಡಗೋಲನ್ನು ಕಟ್ಟಲು ಆಧಾರ ಸಾಲದು, ಏಕೆಂದರೆ ಆ ನುಡಿಯಲ್ಲಿ ಹಾಲುಮೊಸರಿನ ಸುಳಿವಿಲ್ಲ. ಉಳಿದದ್ದಕ್ಕೆ ನನ್ನ ತಕರಾರಿಲ್ಲ. ‘ಬಂತು’ ಎಂಬ ಮಾತು ಇಷ್ಟು ವರ್ಷ ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಗಿದೆ.

ಚಿಕ್ಕಪ್ಪ, ಬೆಂಗಳೂರು: ಸಾಗರದ ಅಕ್ಕ ಹೇಳಿದ ಮೇಲೆ ಮಜ್ಜಿಗೆಯ ಮಾತನ್ನು ನಾನು ಹಿಂತೆಗೆದುಕೊಂಡೆ. ಆದರೆ ಎಲ್ಲವನ್ನೂ ಅಲ್ಲ. ‘ಅತ್ತಿತ್ತಗಲದೆ’ ಎಂಬ ನುಡಿಯನ್ನು ನೀವ್ಯಾರೂ ಮುಟ್ಟಲಿಲ್ಲ, ಮುಟ್ಟದೆ ಇದ್ದದ್ದಕ್ಕೆ ಕಾರಣವೂ ಇದೆ. ಅಲ್ಲಿ ಲಕ್ಷ್ಮಿಯನ್ನು ಸಾಧುಸಜ್ಜನರ ‘ಚಿತ್ತದಿ ಹೊಳೆವ ಪುತ್ಥಳಿ ಬೊಂಬೆ’ ಎನ್ನುತ್ತಾರೆ. ಬೊಂಬೆ ಮಂಟಪದ ಮೇಲಿಲ್ಲ, ಚಿತ್ತದಲ್ಲಿದೆ. ಒಳಗಿನ ಅರ್ಥವನ್ನು ನಾನು ಹೊರಗಿನಿಂದ ತಂದು ಹಚ್ಚಲಿಲ್ಲ, ದಾಸರೇ ಬರೆದಿಟ್ಟಿದ್ದಾರೆ.

ಇದಾದ ಮೇಲೆ ಸುಮಾರು ಒಂದು ಗಂಟೆ ಗುಂಪಿನಲ್ಲಿ ಯಾರೂ ಬರೆಯಲಿಲ್ಲ. ದೊಡ್ಡಪ್ಪನವರ ಹೆಸರಿನ ಕೆಳಗೆ ‘ಟೈಪ್ ಮಾಡುತ್ತಿದ್ದಾರೆ’ ಎಂದು ಎರಡು ಸಲ ಬಂದು ಹೋಯಿತು.

ದೊಡ್ಡಪ್ಪ, ಧಾರವಾಡ: ಒಪ್ಪಿದೆ. ಆ ಸಾಲು ನಿನ್ನ ಪಾಲಿನದು. ಆದರೆ ಅದು ಗುಪ್ತವಲ್ಲ ತಮ್ಮಾ, ಬಾಯಿಬಿಟ್ಟು ಹೇಳಿದ್ದು. ಹೇಳಬೇಕಾದದ್ದನ್ನು ಹಾಡಿನಲ್ಲೇ ಬಿಡಿಸಿ ಹೇಳಿದವರು ಮಜ್ಜಿಗೆಯಲ್ಲಿ ಮಾತ್ರ ಇನ್ನೇನನ್ನೋ ಬಚ್ಚಿಟ್ಟರೆಂದು ಊಹಿಸುವ ಅಗತ್ಯವಿಲ್ಲ ಎಂಬುದಷ್ಟೇ ನನ್ನ ವಾದ.

ಅಕ್ಕ, ನ್ಯೂಜೆರ್ಸಿ: ನೀವೆಲ್ಲ ಇಲ್ಲಿಗೆ ಬಂದಿರಿ, ನನ್ನ ಕಷ್ಟ ಮಾತ್ರ ಇದ್ದಲ್ಲೇ ಇದೆ. ಮಗಳು ಫ್ರಿಜ್ಜಿನಿಂದ ಬಟರ್‌ಮಿಲ್ಕ್ ಡಬ್ಬಿಯನ್ನು ತಂದು, ಇದರೊಳಗೆ ಬೆಣ್ಣೆ ಎಲ್ಲಿದೆ ತೋರಿಸು ಎಂದು ಕೂತಿದ್ದಾಳೆ. ಇಲ್ಲಿ ಆ ಹೆಸರಿನಲ್ಲಿ ಮಾರುವುದು ಹಾಲಿಗೆ ಹೆಪ್ಪು ಹಾಕಿ ಮಂದ ಮಾಡಿದ್ದು, ಅದನ್ನು ಯಾರೂ ಕಡೆದಿರುವುದಿಲ್ಲ. ಕಡಗೋಲನ್ನು ಎಲ್ಲಿಂದ ತರಲಿ?

ಅತ್ತೆ, ಸಾಗರ: ಕಡಗೋಲು ಬೇಡ. ಕೆನೆ ಸಿಗುತ್ತದಲ್ಲ, ಗಟ್ಟಿಯಾದದ್ದು? ಅದನ್ನು ಬಿಗಿಯಾದ ಮುಚ್ಚಳವಿರುವ ಗಾಜಿನ ಬಾಟಲಿಗೆ ಅರ್ಧದಷ್ಟು ಮಾತ್ರ ಹಾಕಿ ಅವಳ ಕೈಗೆ ಕೊಡು, ಕುಲುಕಲಿ. ನಡುವೆ ಸದ್ದೇ ನಿಂತುಹೋಗುತ್ತದೆ, ಕೆಟ್ಟಿತೆಂದು ಬಿಟ್ಟುಬಿಡಬಾರದು. ಮತ್ತೆ ಸದ್ದು ಬರುವವರೆಗೂ ಕುಲುಕಬೇಕು.

ಅಕ್ಕ, ನ್ಯೂಜೆರ್ಸಿ: ಅತ್ತೆ, ಕಾಲು ಗಂಟೆಯಾಯಿತು. ನೀವು ಹೇಳಿದಂತೆಯೇ ಸದ್ದು ನಿಂತಿತು, ಅವಳು ಅಳುವುದೊಂದು ಬಾಕಿ. ಆಮೇಲೆ ಒಮ್ಮೆಗೇ ಬಾಟಲಿಯೊಳಗೆ ಏನೋ ದಬದಬ ಬಡಿಯತೊಡಗಿತು. ಹಳದಿ ಮುದ್ದೆಯೊಂದು ತೆಳ್ಳನೆಯ ಬಿಳಿ ನೀರಿನಲ್ಲಿ ಓಲಾಡುತ್ತಿದೆ. ‘ನಾನು ಬೆಣ್ಣೆ ಮಾಡಿದೆ’ ಎಂದು ಮನೆಯೆಲ್ಲ ಓಡಾಡುತ್ತಿದ್ದಾಳೆ. ಶನಿವಾರ ಅರ್ಥದ ಬದಲು ಈ ಬಾಟಲಿಯನ್ನೇ ವೇದಿಕೆಗೆ ಕೊಂಡೊಯ್ಯುತ್ತಾಳಂತೆ. ‘ಶಂಕೆಯಿಲ್ಲದ’, ‘ಮನಕಾಮನೆಯ’ ಎಂದು ತಿದ್ದಿಸಿದ್ದೇನೆ. ಅಮ್ಮನ ಎದುರಿಗೆ ಹಾಡುವಾಗ ಮಾತ್ರ ಹಳೆಯದೇ ಇರಲಿ.

ಅತ್ತೆ, ಸಾಗರ: ‘ಮಾಡಿದೆ’ ಅಲ್ಲ, ‘ಬಂತು’ ಅನ್ನಲು ಹೇಳಿಕೊಡು. ಶನಿವಾರದವರೆಗೆ ಈ ಬಾಟಲಿಯನ್ನು ಹೀಗೆಯೇ ಇಡಬೇಡ. ಮುದ್ದೆಯನ್ನು ತೆಗೆದು ತಣ್ಣೀರಿನಲ್ಲಿ ಎರಡು ಮೂರು ಸಲ, ನೀರು ತಿಳಿಯಾಗುವವರೆಗೂ ತೊಳೆದಿಡು. ಇಲ್ಲದಿದ್ದರೆ ಹುಳಿ ವಾಸನೆ ಹಿಡಿಯುತ್ತದೆ. ಕೂಟದ ದಿನ ಬೆಳಿಗ್ಗೆ ಹೊಸದಾಗಿ ಕುಲುಕಲಿ.