ಗಾಲ್ಫ್‌ನಲ್ಲಿ ದೂರ ಅಳೆಯಲು ಲೇಸರ್ ಒಳ್ಳೆಯದೋ, ಜಿಪಿಎಸ್ ಕೈಗಡಿಯಾರವೋ?

ಕೋಡಿಬಾಗದವ (ಕಾರವಾರ)

ನಿವೃತ್ತಿಯ ನಂತರ ಗಾಲ್ಫ್ ಕಲಿಯಲು ತೊಡಗಿದೆ, ಈಗ ಬಿಡಲಾಗದಷ್ಟು ಹಿಡಿಸಿದೆ. ಅಭ್ಯಾಸಕ್ಕೆ ಇರುವುದು ಪರಿಚಿತರೊಬ್ಬರ ಗದ್ದೆಬಯಲು, ಅದೂ ಕೊಯ್ಲು ಮುಗಿದ ಮೇಲೆ ಮಳೆ ಹಿಡಿಯುವ ತನಕ. ಪೂರ್ಣ ಆಟಕ್ಕೆ ಗಡಿ ದಾಟಿ ಗೋವಾದ ಕಾಣಕೋಣಕ್ಕೆ ಹೋಗುತ್ತೇನೆ. ರಾಜಬಾಗದ ಕಡಲಂಚಿನಲ್ಲಿ ಒಂಬತ್ತು ಹೋಲ್‌ಗಳ ಮೈದಾನವಿದೆ. ಬೆಂಗಳೂರಿಗೆ ಮಗಳ ಮನೆಗೆ ಹೋದಾಗ ಅಲ್ಲಿನ ಸ್ಪರ್ಧೆಗಳಲ್ಲಿಯೂ ಆಡುವ ಆಸೆ.

ಮಗ ಚೌತಿಗೆ ದುಬೈನಿಂದ ಬರುತ್ತಾನೆ. ದೂರ ಅಳೆಯುವ ಸಾಧನ ತರುತ್ತೇನೆ, ಯಾವುದು ಬೇಕು ಹೇಳಿ ಎಂದಿದ್ದಾನೆ. ಕಣ್ಣಿಗೆ ಹಿಡಿದು ನೋಡುವ ಲೇಸರ್ ರೇಂಜ್‌ಫೈಂಡರ್ ತರಿಸಲೋ, ಜಿಪಿಎಸ್ ಇರುವ ಕೈಗಡಿಯಾರವನ್ನೋ? ಏರು ತಗ್ಗಿನ ಲೆಕ್ಕ ಕೊಡುವ ‘ಸ್ಲೋಪ್’ ಮಾದರಿಗೆ ಹೆಚ್ಚು ಹಣ ಕೊಡಬೇಕೇ? ಸ್ಪರ್ಧೆಯಲ್ಲಿ ಇವನ್ನು ಬಳಸಲು ಬಿಡುತ್ತಾರೆಯೇ?

ಕುಮಟೆಯ ಹುಡುಗ (ಈಗ ಬೆಂಗಳೂರು)

ಸರ್, ಕೈಗಡಿಯಾರವನ್ನೇ ತರಿಸಿ. ಗ್ರೀನ್‌ನ (ಬಾವುಟ ನೆಟ್ಟ ಕುಳಿಯಿರುವ ನುಣುಪು ಹುಲ್ಲಿನ ಜಾಗ) ಮುಂದಿನ ಅಂಚು, ನಡು, ಹಿಂದಿನ ಅಂಚು, ಈ ಮೂರು ದೂರಗಳೂ ಮಣಿಕಟ್ಟಿನ ಮೇಲೆ ಸದಾ ಕಾಣುತ್ತವೆ. ಚೆಂಡು ಮರದ ಮರೆಗೆ ಹೋಗಿ ಬಾವುಟವೇ ಕಾಣದಿದ್ದರೂ ಲೆಕ್ಕ ಸಿಗುತ್ತದೆ. ಲೇಸರ್‌ಗೆ ಕಾಣದ್ದನ್ನು ಅಳೆಯಲು ಬರುವುದಿಲ್ಲ. ಗಡಿಯಾರದ ಲೆಕ್ಕದಲ್ಲಿ ನಾಲ್ಕೈದು ಗಜ ವ್ಯತ್ಯಾಸ ಬರಬಹುದು, ಆದರೆ ಹವ್ಯಾಸಿ ಆಟಗಾರರ ಹೊಡೆತದಲ್ಲಿ ಅದಕ್ಕಿಂತ ಹೆಚ್ಚಿನ ವ್ಯತ್ಯಾಸವಿರುತ್ತದೆ.

ಸರಪಳಿ (ಶಿರಸಿ)

ರಾಯರೇ, ನಾನು ಜಮೀನು ಅಳೆಯುವವನು. 33 ಅಡಿಯ ಸರಪಳಿ ಎಳೆದು ಕೆಲಸ ಕಲಿತೆ, ಈಗ ಟೋಟಲ್ ಸ್ಟೇಷನ್ ಎಂಬ ಎಲೆಕ್ಟ್ರಾನಿಕ್ ಅಳತೆ ಯಂತ್ರ ಹಿಡಿಯುತ್ತೇನೆ, ಬಿಡುವಾದಾಗ ಗಾಲ್ಫ್ ಆಡುತ್ತೇನೆ. ಕುಮಟೆಯ ತಮ್ಮ ಹೇಳಿದ್ದೆಲ್ಲ ಸರಿಯೇ. ಆದರೂ ನಿಮಗೆ ಬೇಕಾದದ್ದು ಲೇಸರ್. ಕಾರಣ ನಿಮ್ಮ ಗದ್ದೆಬಯಲು.

ಗಡಿಯಾರಕ್ಕೆ ಉಪಗ್ರಹದಿಂದ ಗೊತ್ತಾಗುವುದು ನೀವು ನಿಂತ ಜಾಗ ಮಾತ್ರ. ಗ್ರೀನ್ ಎಲ್ಲಿದೆ ಎಂಬುದು ಅದರೊಳಗಿನ ನಕ್ಷೆಯಿಂದ ಬರಬೇಕು. ರಾಜಬಾಗದ ನಕ್ಷೆ ಅದರಲ್ಲಿದೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು. ಗದ್ದೆಯ ನಕ್ಷೆಯಂತೂ ಇರುವುದಿಲ್ಲ. ಹೊಡೆತದ ಉದ್ದ ಅಳೆಯುವ ಸೌಲಭ್ಯ ಕೆಲವು ಗಡಿಯಾರಗಳಲ್ಲಿದೆ, ಆದರೆ ಪ್ರತಿ ಚೆಂಡಿನ ಬಳಿಗೂ ನಡೆದುಹೋಗಬೇಕು. ಲೇಸರ್‌ಗೆ ನಕ್ಷೆಯ ಹಂಗಿಲ್ಲ. ಕಿರಣ ಹೋಗಿ ತಗುಲಿ ಮರಳುವ ಸಮಯವನ್ನೇ ಅದು ದೂರವಾಗಿ ಲೆಕ್ಕ ಹಾಕುತ್ತದೆ. 150 ಮೀಟರ್ ಆಚೆಗೆ ಹೋಗಿ ಬರಲು ಬೆಳಕಿಗೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ಸಾಕು. ಅಷ್ಟು ಚಿಕ್ಕ ಸಮಯವನ್ನು ಅಂಗೈಯಗಲದ ಯಂತ್ರ ಹಿಡಿಯುತ್ತದೆ ಎಂಬುದು ನನಗೆ ಇಂದಿಗೂ ಸಂತೋಷದ ಸಂಗತಿ.

ಬಾವುಟ 140 ಗಜ ದೂರದಲ್ಲಿದೆ ಎಂದು ತಿಳಿದು ಏನು ಮಾಡುತ್ತೀರಿ, ನಿಮ್ಮ ಏಳನೇ ಐರನ್ ಎಂಬ ಕ್ಲಬ್‌ನಿಂದ (ಹೊಡೆಯುವ ಕೋಲು) ಚೆಂಡು ಎಷ್ಟು ಗಜ ಹೋಗುತ್ತದೆ ಎಂದು ಗೊತ್ತಿಲ್ಲದಿದ್ದರೆ? ಮೊದಲು ಅದನ್ನು ಅಳೆಯಿರಿ. ಕಡಲಗಾಳಿ ಏಳುವ ಮೊದಲು, ಬೆಳಿಗ್ಗೆ ಹೊಡೆಯಿರಿ. ಸುರಕ್ಷಿತವಾಗಿ ಬದಿಗೆ ನಿಂತವರೊಬ್ಬರು ಚೆಂಡು ಮೊದಲು ನೆಲಕ್ಕೆ ಬಿದ್ದಲ್ಲಿ ಗೂಟ ಹಾಕಲಿ, ಉರುಳಿ ನಿಂತಲ್ಲಿ ಅಲ್ಲ. ಒಣಗಿದ ಗದ್ದೆಯಲ್ಲಿ ಚೆಂಡು ಎಷ್ಟೋ ದೂರ ಓಡುತ್ತದೆ, ನೀರು ಹಾಯಿಸಿದ ಗ್ರೀನ್ ಮೇಲೆ ಹಾಗೆ ಓಡುವುದಿಲ್ಲ. ಹೊಡೆಯುವುದು ಪೂರ್ತಿ ನಿಂತ ಮೇಲೆ ಆ ವ್ಯಕ್ತಿ ಒಂದೊಂದು ಗೂಟದ ಬಳಿ ರಟ್ಟಿನ ಫಲಕ ಹಿಡಿದು ನಿಲ್ಲಲಿ, ನೀವು ಫಲಕಕ್ಕೆ ಗುರಿಯಿಟ್ಟು ಅಳೆಯಿರಿ. ಪ್ರತಿ ಕ್ಲಬ್‌ಗೂ ಹೀಗೆ ಮಾಡಿ ಚೀಟಿಯಲ್ಲಿ ಬರೆದು ಚೀಲದಲ್ಲಿಡಿ. ಯಂತ್ರ ಗಜ ತೋರಿಸುತ್ತಿದೆಯೋ ಮೀಟರೋ ನೋಡಿಕೊಳ್ಳಿ: 150 ಮೀಟರ್ ಎಂದರೆ 164 ಗಜ, ಒಂದು ಕ್ಲಬ್‌ಗೂ ಅದರ ಮುಂದಿನದಕ್ಕೂ ಇರುವ ಅಂತರಕ್ಕಿಂತ ಹೆಚ್ಚಿನ ವ್ಯತ್ಯಾಸ.

ಕಡಲತೀರದಲ್ಲಿ ಇನ್ನೊಂದು ತೊಂದರೆ. ಗ್ರೀನ್ ಹಿಂದೆ ಗಾಳಿಮರಗಳಿದ್ದರೆ ಕಿರಣ ಬಾವುಟದ ಕೋಲನ್ನು ತಪ್ಪಿಸಿಕೊಂಡು ಮರಕ್ಕೆ ತಗುಲಿ ಹೆಚ್ಚು ದೂರ ತೋರಿಸುತ್ತದೆ. ಹತ್ತಿರದ ವಸ್ತುವನ್ನು ಹಿಡಿದು ಕೈಯಲ್ಲಿ ಸಣ್ಣಗೆ ಕಂಪಿಸುವ ಮಾದರಿ ತರಿಸಿ. ಗ್ರೀನ್ ಮುಂದಿನ ಬಂಕರ್‌ನ (ಮರಳುಗುಂಡಿ) ದಂಡೆಯನ್ನೂ ಹಿಂದಿನ ಮರವನ್ನೂ ಅಳೆಯಿರಿ. ಬಾವುಟದ ಅಂಕಿ ಅವೆರಡರ ನಡುವೆ ಬರಲೇಬೇಕು.

ಸ್ಲೋಪ್ ಬಗ್ಗೆ. ಜಮೀನಿನ ಅಳತೆಯಲ್ಲಿ ನಮಗೆ ಬೇಕಾದದ್ದು ಸಮತಲ ದೂರ. ಐದು ಡಿಗ್ರಿ ಏರಿನಲ್ಲಿ 150 ಗಜ ಅಳೆದರೆ ಸಮತಲ ದೂರ ಒಂದು ಗಜವೂ ಕಡಿಮೆಯಾಗುವುದಿಲ್ಲ. ಆದರೆ ಗುರಿ 13 ಗಜ ಮೇಲಿರುತ್ತದೆ, ಚೆಂಡು ಇಳಿಯುವ ಮೊದಲೇ ನೆಲ ಎದುರಾಗುತ್ತದೆ. ಆದ್ದರಿಂದ ಸುಮಾರು 163 ಗಜದ ಹೊಡೆತ ಬೇಕು. ಬೆಟ್ಟದ ಮೈದಾನದಲ್ಲಿ ಇದು ಬಹಳ ಉಪಯುಕ್ತ, ಕರಾವಳಿಯ ಸಮತಟ್ಟಿನಲ್ಲಿ ಅಷ್ಟಿಲ್ಲ. ಹಣ ಮಿಗಿಸಿ.

ಗಾಲ್ಫ್ ನಿಯಮಗಳ ಪ್ರಕಾರ 2019ರಿಂದ ದೂರ ಅಳೆಯುವುದಕ್ಕೆ ಅನುಮತಿಯಿದೆ, ಸ್ಥಳೀಯ ನಿಯಮ ಬೇಡವೆಂದರೆ ಮಾತ್ರ ಇಲ್ಲ. ಏರಿಳಿತ ಅಳೆಯುವಂತಿಲ್ಲ, ಸ್ಲೋಪ್ ಇದ್ದರೆ ಆರಿಸಿರಬೇಕು. ಮೊದಲ ಸಲ ತಪ್ಪಿದರೆ ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಹೊಡೆತಗಳನ್ನು ಎಣಿಸುವ ಸ್ಪರ್ಧೆ) ಎರಡು ಹೊಡೆತಗಳ ದಂಡ, ಮತ್ತೆ ತಪ್ಪಿದರೆ ಅನರ್ಹತೆ. ಗಾಳಿಯ ವೇಗವನ್ನು ಉಪಕರಣದಿಂದ ಅಳೆಯುವುದೂ ನಿಷಿದ್ಧ.

ಶರಾವತಿ ದಂಡೆ (ಹೊನ್ನಾವರ)

ನಾನು ಗಾಲ್ಫ್ ಆಡುವುದಿಲ್ಲ, ಹಕ್ಕಿ ನೋಡುವವಳು. ದುರ್ಬೀನಿನ ಆರೈಕೆ ಗೊತ್ತು. ಕಾರಿನ ಎ.ಸಿ.ಯಿಂದ ಹೊರಗೆ ತೆಗೆದ ಕೂಡಲೇ ಗಾಜು ಮಸುಕಾಗುತ್ತದೆ, ಆಟಕ್ಕೆ ಸ್ವಲ್ಪ ಮೊದಲೇ ಹೊರಗಿಡಿ. ಉಪ್ಪು ಕೂತ ಗಾಜನ್ನು ಒಣಬಟ್ಟೆಯಿಂದ ಉಜ್ಜಬೇಡಿ, ಗೀರು ಬೀಳುತ್ತದೆ. ಮೊದಲು ತುಸು ಒದ್ದೆ ಬಟ್ಟೆ, ಆಮೇಲೆ ಒಣಬಟ್ಟೆ. ಮಳೆಗಾಲದಲ್ಲಿ ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಇಲ್ಲವಾದರೆ ಗಾಜಿಗೆ ಬೂಸ್ಟು ಹಿಡಿಯುತ್ತದೆ.

ಕೋಡಿಬಾಗದವ (ಕಾರವಾರ)

ಎಲ್ಲರಿಗೂ ಧನ್ಯವಾದ. ಒಂದು ಅನುಮಾನ ಉಳಿದಿದೆ. ವಯಸ್ಸಿನಿಂದ ಕೈ ಸ್ವಲ್ಪ ನಡುಗುತ್ತದೆ. ಕೋಲಿನ ಮೇಲೆ ಗುರಿ ನಿಲ್ಲುತ್ತದೆಯೇ?

ಸರಪಳಿ (ಶಿರಸಿ)

ನಿಲ್ಲಿಸಬಹುದು. ಇವುಗಳಲ್ಲಿ ಸಾಮಾನ್ಯವಾಗಿ ಆರು ಪಟ್ಟು ಹಿಗ್ಗಿಸುವ ಗಾಜು ಇರುತ್ತದೆ, ನಡುಕವೂ ಅಷ್ಟೇ ಹಿಗ್ಗಿ ಕಾಣುತ್ತದೆ. ಎರಡೂ ಕೈಯಲ್ಲಿ ಹಿಡಿದು ಮೊಣಕೈಗಳನ್ನು ಎದೆಗೆ ಒತ್ತಿಕೊಳ್ಳಿ, ಅಥವಾ ನೆಟ್ಟಗೆ ನಿಲ್ಲಿಸಿದ ಕ್ಲಬ್‌ನ ತುದಿಗೆ ಯಂತ್ರವನ್ನು ಆನಿಸಿ. ಗುಂಡಿ ಒತ್ತಿ ಹಿಡಿದು ಬಾವುಟದ ಸುತ್ತ ಮೆಲ್ಲಗೆ ಆಡಿಸಿದರೆ ಅಂಕಿಗಳು ಬದಲಾಗುತ್ತ ಹೋಗುತ್ತವೆ; ಅವುಗಳಲ್ಲಿ ಚಿಕ್ಕದು ಬಹುತೇಕ ಬಾವುಟದ್ದೇ. ಚಿತ್ರ ಅಲುಗದಂತೆ ತಡೆಯುವ ಮಾದರಿಗಳೂ ಇವೆ, ಬೆಲೆ ಹೆಚ್ಚು. ಸ್ಲೋಪ್‌ನಲ್ಲಿ ಉಳಿಸಿದ ಹಣವನ್ನು ಅದಕ್ಕೆ ಹಾಕಿದರೂ ತಪ್ಪಿಲ್ಲ.

ಹಲವು ಮಾದರಿಗಳಿಗೆ ಸಿಆರ್2 ಎಂಬ ಲಿಥಿಯಂ ಬ್ಯಾಟರಿ ಬೇಕು, ಗಡಿಯಾರ ರಿಮೋಟುಗಳ ಸೆಲ್ ಆಗುವುದಿಲ್ಲ. ಒಂದೆರಡು ಹೆಚ್ಚಿಗೆ ತರಲು ಮಗನಿಗೆ ಹೇಳಿ. ಬಿಡಿ ಬ್ಯಾಟರಿಗಳನ್ನು ಅವನು ವಿಮಾನದೊಳಗೆ ಒಯ್ಯುವ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಸರಕಿಗೆ ಹಾಕುವ ಪೆಟ್ಟಿಗೆಯಲ್ಲಿ ಇಡುವಂತಿಲ್ಲ.